ಕೂಸಿನ ತಲೆಗೆ ಹೆಲ್ಮೆಟ್: ಅವಸರ ಯಾರದು?

ಹಸುಗೂಸಿನ ಹಿಂದಲೆ ಒಂದು ಬದಿಗೆ ಚಪ್ಪಟೆಯಾಗಿದ್ದರೆ ಹೆಲ್ಮೆಟ್ ತೊಡಿಸಿ ದುಂಡಗೆ ಮಾಡುವ ಚಿಕಿತ್ಸೆ ಈಗ ಬೆಂಗಳೂರಿಗೂ ಬಂದಿದೆ. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ಅದು ಹೊಸ ಮಾತೇನಲ್ಲ. ನಾಲ್ಕನೇ ತಿಂಗಳ ತಪಾಸಣೆಯಲ್ಲಿ ಮಕ್ಕಳ ವೈದ್ಯರೇ ಅದರ ಪ್ರಸ್ತಾಪ ಎತ್ತುವುದುಂಟು, ಬಾಣಂತನಕ್ಕೆಂದು ವಿಮಾನ ಹತ್ತಿ ಹೋದ ಅಜ್ಜಿಯರು ಅದನ್ನು ಕೇಳಿ ಗಾಬರಿಯಾಗುವುದೂ ಉಂಟು. ನಮ್ಮಲ್ಲಿ ಇದರ ಬೆಲೆ ಲಕ್ಷ ರೂಪಾಯಿ ದಾಟಬಹುದು. ದಿನಕ್ಕೆ 23 ಗಂಟೆಯಂತೆ ಮೂರರಿಂದ ಆರು ತಿಂಗಳು ಮಗು ಅದನ್ನು ಹೊತ್ತಿರಬೇಕು. ಈ ಚಿಕಿತ್ಸೆ ಮೋಸ ಎಂದು ತಳ್ಳಿಹಾಕುವವರೂ ಇದ್ದಾರೆ, ಹಾಕಿಸದ ತಂದೆತಾಯಿ ಬೇಜವಾಬ್ದಾರರು ಎನ್ನುವವರೂ ಇದ್ದಾರೆ. ಇಬ್ಬರ ಮಾತಿಗೂ ಪುರಾವೆಯ ಬಲ ಸಾಲದು. ಕೆಲವು ಕೂಸುಗಳಿಗೆ ಹೆಲ್ಮೆಟ್ ನಿಜಕ್ಕೂ ಬೇಕಾಗಬಹುದು, ಬಹುಪಾಲಿಗೆ ಬೇಕಿಲ್ಲ. ಆದರೆ ಬೇಕೋ ಬೇಡವೋ ಎಂಬ ಚರ್ಚೆ ಮನೆಯಲ್ಲಿ ಶುರುವಾಗುವ ಹೊತ್ತಿಗೆ, ಬಿಡಿಗಾಸು ಖರ್ಚಿಲ್ಲದೆ ತಲೆಯನ್ನು ಸರಿದಾರಿಗೆ ತರಬಹುದಾಗಿದ್ದ ಕಾಲ ಕಳೆದಿರುತ್ತದೆ. ನಾವು ಆರನೇ ತಿಂಗಳಲ್ಲಿ ಕೇಳುತ್ತಿರುವ ಪ್ರಶ್ನೆಯನ್ನು ಆರನೇ ವಾರದಲ್ಲೇ ಕೇಳಬೇಕಿತ್ತು.

ತಲೆ ಚಪ್ಪಟೆಯಾಗುವುದರ ಹಿಂದೆ ಒಂದು ಒಳ್ಳೆಯ ಸುದ್ದಿಯಿದೆ. ಮಲಗಿದ್ದಲ್ಲೇ ಹಸುಗೂಸುಗಳು ಕಾರಣ ತಿಳಿಯದೆ ಸಾಯುವುದನ್ನು ತಡೆಯಲು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 1992ರಲ್ಲಿ ಒಂದು ಸಲಹೆ ನೀಡಿತು: ಮಕ್ಕಳನ್ನು ಬೋರಲಾಗಿ ಮಲಗಿಸಬೇಡಿ. 1994ರಲ್ಲಿ ಅಂಗಾತ ಮಲಗಿಸಿ ಎಂಬ ದೊಡ್ಡ ಅಭಿಯಾನವೇ ನಡೆಯಿತು. ಆಗ ಹುಟ್ಟಿದ ಸಾವಿರ ಮಕ್ಕಳಿಗೆ ಸುಮಾರು 1.2ರಷ್ಟಿದ್ದ ಆ ಸಾವಿನ ಪ್ರಮಾಣ ಹತ್ತು ವರ್ಷಗಳಲ್ಲಿ ಅರ್ಧಕ್ಕೆ ಇಳಿಯಿತು. ಅದರ ಜೊತೆಗೇ ಚಪ್ಪಟೆ ತಲೆಯ ಮಕ್ಕಳು ಆಸ್ಪತ್ರೆಗಳಿಗೆ ಹೆಚ್ಚಾಗಿ ಬರತೊಡಗಿದರು. ತಲೆಬುರುಡೆಯ ಮೂಳೆಗಳು ಇನ್ನೂ ಬೆಸೆದುಕೊಂಡಿರದ ತಿಂಗಳುಗಳಲ್ಲಿ ಕೂಸು ಒಂದೇ ಮಗ್ಗುಲಿಗೆ ತಲೆ ಹಾಕಿ ಮಲಗಿದರೆ ಆ ಭಾಗ ಚಪ್ಪಟೆಯಾಗುತ್ತದೆ. ಮೇಲಿನಿಂದ ನೋಡಿದರೆ ಅದೇ ಬದಿಯ ಕಿವಿ, ಹಣೆ ತುಸು ಮುಂದಕ್ಕೆ ಸರಿದಂತೆ ಕಾಣುತ್ತವೆ. ವೈದ್ಯರು ಇದನ್ನು ಪೊಸಿಷನಲ್ ಪ್ಲೇಜಿಯೊಸೆಫಲಿ ಎನ್ನುತ್ತಾರೆ. ಇದು ಎಷ್ಟು ಸಾಮಾನ್ಯ ಎಂಬುದಕ್ಕೆ ಕೆನಡಾದ ಕ್ಯಾಲ್ಗರಿಯಲ್ಲಿ ನಡೆದು 2013ರಲ್ಲಿ ಪ್ರಕಟವಾದ ಸಮೀಕ್ಷೆಯನ್ನು ನೋಡಬಹುದು. 7ರಿಂದ 12 ವಾರದ 440 ಕೂಸುಗಳಲ್ಲಿ ಶೇ 46.6ರಷ್ಟು ಮಕ್ಕಳಿಗೆ ಇದು ಒಂದಿಷ್ಟಾದರೂ ಇತ್ತು. ಆ ಪೈಕಿ ಶೇ 78ರಷ್ಟು ತೀರ ಸಣ್ಣ ಮಟ್ಟದ್ದು. ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳಲ್ಲಿ ಕಾಣುವುದನ್ನು ರೋಗವೆಂದು ಕರೆಯುವ ಮೊದಲು ಒಂದು ಗಳಿಗೆ ಯೋಚಿಸಬೇಕಾಗುತ್ತದೆ.

ಹೆಲ್ಮೆಟ್ ತಲೆಯನ್ನು ಒತ್ತಿ ಕೂರಿಸುತ್ತದೆ ಎಂಬುದು ತಪ್ಪು ತಿಳಿವಳಿಕೆ. ಅದು ಉಬ್ಬಿದ ಭಾಗಕ್ಕೆ ತಾಗಿಕೊಂಡು ನಿಲ್ಲುತ್ತದೆ, ತಗ್ಗಾದ ಕಡೆ ಜಾಗ ಬಿಟ್ಟಿರುತ್ತದೆ. ಬೆಳೆಯುವ ತಲೆ ಆ ಖಾಲಿ ಜಾಗಕ್ಕೆ ತುಂಬಿಕೊಳ್ಳುತ್ತದೆ. 1979ರಲ್ಲಿ ಅಮೆರಿಕದ ಸ್ಟರ್ಲಿಂಗ್ ಕ್ಲಾರೆನ್ ಮತ್ತು ಸಂಗಡಿಗರು ಇದನ್ನು ವೈದ್ಯಕೀಯ ಪತ್ರಿಕೆಯೊಂದರಲ್ಲಿ ವಿವರಿಸಿದರು. ತರ್ಕ ಸರಿಯಾಗಿಯೇ ಇದೆ. ಆದರೆ ಹೆಲ್ಮೆಟ್ ಇಲ್ಲದಿದ್ದರೆ ಅದೇ ತಲೆ ಏನಾಗುತ್ತಿತ್ತು ಎಂಬುದನ್ನು ತರ್ಕದಿಂದ ತಿಳಿಯಲಾಗದು, ಹೋಲಿಸಿಯೇ ನೋಡಬೇಕು. ಅಂಥ ಹೋಲಿಕೆ ನಡೆದದ್ದು ನೆದರ್‌ಲ್ಯಾಂಡ್ಸ್‌ನಲ್ಲಿ. ಫಲಿತಾಂಶ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಮಧ್ಯಮದಿಂದ ತೀವ್ರ ಮಟ್ಟದ ಚಪ್ಪಟೆ ತಲೆಯಿದ್ದ 5–6 ತಿಂಗಳ 84 ಮಕ್ಕಳನ್ನು, ಯಾರು ಯಾವ ಗುಂಪಿಗೆ ಎಂಬುದನ್ನು ಅದೃಷ್ಟಕ್ಕೆ ಬಿಟ್ಟು, ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಆರು ತಿಂಗಳು ಹೆಲ್ಮೆಟ್, ಇನ್ನೊಂದಕ್ಕೆ ಏನೂ ಇಲ್ಲ. ಎರಡು ವರ್ಷ ತುಂಬಿದಾಗ ಅಳೆದು ನೋಡಿದರೆ ಹೆಲ್ಮೆಟ್ ತೊಟ್ಟವರಲ್ಲಿ ಶೇ 26, ತೊಡದವರಲ್ಲಿ ಶೇ 23 ಮಕ್ಕಳ ತಲೆ ಪೂರ್ತಿ ಸರಿಯಾಗಿತ್ತು. ಆ ಅಂತರಕ್ಕೆ ಲೆಕ್ಕದಲ್ಲಿ ಅರ್ಥವಿಲ್ಲ. ಹೆಲ್ಮೆಟ್ ತೊಟ್ಟ ಮಕ್ಕಳ ಮನೆಯವರಲ್ಲಿ ಶೇ 96 ಮಂದಿ ಚರ್ಮ ಕೆಂಪಾದದ್ದನ್ನು, ಶೇ 71 ಮಂದಿ ವಿಪರೀತ ಬೆವರನ್ನು ಹೇಳಿಕೊಂಡರು. ಮಗುವನ್ನು ಎದೆಗವಚಿಕೊಳ್ಳಲು ಅಡ್ಡಿಯಾಯಿತು ಎಂದವರು ಶೇ 77. ನೆದರ್‌ಲ್ಯಾಂಡ್ಸ್‌ನ ತಂಪು ಹವೆಯಲ್ಲೇ ಬೆವರಿನ ದೂರು ಇಷ್ಟಿದ್ದರೆ, ರಾಯಚೂರು, ಕಲಬುರಗಿಯ ಏಪ್ರಿಲ್ ಹೇಗಿರಬಹುದು ಎಂಬುದನ್ನು ಓದುಗರೇ ಊಹಿಸಿಕೊಳ್ಳಲಿ.

ಈ ಅಧ್ಯಯನವನ್ನು ಹಿಡಿದುಕೊಂಡು ಹೆಲ್ಮೆಟ್ ದಂಡ ಎಂದು ತೀರ್ಪು ಕೊಡುವುದು ಸುಲಭ, ಆದರೆ ನ್ಯಾಯವಲ್ಲ. ಅದರ ವಿರುದ್ಧ ಎದ್ದ ಆಕ್ಷೇಪಗಳಲ್ಲಿ ಹುರುಳಿದೆ. ಕರೆದ 403 ಕುಟುಂಬಗಳಲ್ಲಿ ಒಪ್ಪಿಕೊಂಡವು ಐದನೇ ಒಂದು ಭಾಗ ಮಾತ್ರ. ಅತಿ ತೀವ್ರವಾಗಿ ಸೊಟ್ಟಗಾದ ತಲೆಗಳನ್ನು, ಕತ್ತಿನ ಸ್ನಾಯು ಬಿಗಿದ ಮಕ್ಕಳನ್ನು ಸೇರಿಸಿಕೊಂಡಿರಲೇ ಇಲ್ಲ. ಹೆಲ್ಮೆಟ್‌ನಿಂದ ಹೆಚ್ಚು ಲಾಭವಾಗಬೇಕಾದದ್ದು ಅವರಿಗೇ ಎಂದು ಚಿಕಿತ್ಸಕರು ವಾದಿಸುತ್ತಾರೆ. ಮೇಲಾಗಿ, ಹೆಲ್ಮೆಟ್ ಜಾರುತ್ತಿತ್ತು, ತಿರುಗುತ್ತಿತ್ತು ಎಂದು ಮುಕ್ಕಾಲು ಪಾಲಿನಷ್ಟು ತಂದೆತಾಯಿ ಹೇಳಿದ್ದರು. ಸರಿಯಾಗಿ ಕೂರದ ಹೆಲ್ಮೆಟ್ ಕೆಲಸ ಮಾಡದಿದ್ದರೆ ಅದು ಚಿಕಿತ್ಸೆಯ ಸೋಲೋ, ಅಳತೆ ತೆಗೆದವರ ಸೋಲೋ? ಅಮೆರಿಕದ ನರಶಸ್ತ್ರಚಿಕಿತ್ಸಕರ ಸಂಸ್ಥೆ 2016ರಲ್ಲಿ ಹೊರಡಿಸಿದ ಮಾರ್ಗಸೂಚಿ ಇಂಥ ಸಂಗತಿಗಳನ್ನೆಲ್ಲ ತೂಗಿ ಹೆಲ್ಮೆಟ್ ಪರವಾಗಿಯೇ ನಿಂತಿತು. ಆದರೆ ಆ ಮಾರ್ಗಸೂಚಿ ಯಾರಿಗೆ, ಯಾವಾಗ ಎಂದು ಹೇಳಿದ್ದನ್ನು ಜಾಹೀರಾತುಗಳು ಎತ್ತಿ ಹೇಳುವುದಿಲ್ಲ: ಮಲಗಿಸುವ ಭಂಗಿ ಬದಲಿಸಿ, ಫಿಸಿಯೋಥೆರಪಿ ಮಾಡಿಸಿ, ಆಮೇಲೂ ಮಧ್ಯಮ ಅಥವಾ ತೀವ್ರ ಮಟ್ಟದ ಸೊಟ್ಟು ಉಳಿದರೆ. ಅಮೆರಿಕದ ಹಲವು ವಿಮಾ ಕಂಪನಿಗಳು ಕೂಡ ಮೊದಲು ಆ ಪ್ರಯತ್ನದ ದಾಖಲೆ ಕೇಳುತ್ತವೆ. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಂತೂ ಸಾಮಾನ್ಯವಾಗಿ ಹೆಲ್ಮೆಟ್ ಸೂಚಿಸುವುದೇ ಇಲ್ಲ. ಪರ ಇರುವವರೂ ವಿರುದ್ಧ ಇರುವವರೂ ಒಪ್ಪುವ ಒಂದು ಮಾತಿದೆ: ಹೆಲ್ಮೆಟ್ ಮೊದಲ ಮೆಟ್ಟಿಲಲ್ಲ.

ಹಾಗಾದರೆ ಕಾಯುತ್ತ ಕೂತು ಕಾಲ ಮೀರಿದರೆ? ತಂದೆತಾಯಿಯನ್ನು ನಿದ್ದೆಗೆಡಿಸುವುದು ಇದೇ ಪ್ರಶ್ನೆ, ಮಾರುವವರು ಮತ್ತೆ ಮತ್ತೆ ಒತ್ತಿ ಹೇಳುವುದೂ ಇದನ್ನೇ. ತಲೆ ಭರದಿಂದ ಬೆಳೆಯುವುದು ಮೊದಲ ವರ್ಷದಲ್ಲಿ; ಹುಟ್ಟುವಾಗ 34–35 ಸೆಂಟಿಮೀಟರ್ ಸುತ್ತಳತೆಯ ತಲೆ ವರ್ಷ ತುಂಬುವಾಗ 46ರ ಆಸುಪಾಸು ಮುಟ್ಟುತ್ತದೆ, ಆಮೇಲೆ ಬೆಳವಣಿಗೆ ನಿಧಾನ. ಹೆಲ್ಮೆಟ್‌ಗೂ ಕಾಲಮಿತಿ ಇದೆ ಎಂಬುದು ನಿಜ. ಆದರೆ ಆ ಮಿತಿ ಈ ವಾರವೇ ಮುಂಗಡ ಕಟ್ಟಬೇಕೆನ್ನುವಷ್ಟು ಬಿಗಿಯಾದದ್ದಲ್ಲ. ಷಿಕಾಗೋದ ವೈದ್ಯರು 4,378 ಮಕ್ಕಳ ದಾಖಲೆಗಳನ್ನು ಪರಿಶೀಲಿಸಿ 2015ರಲ್ಲಿ ವರದಿ ಮಾಡಿದರು. ಭಂಗಿ ಬದಲಾವಣೆ ಮತ್ತು ಫಿಸಿಯೋಥೆರಪಿಯಿಂದಲೇ ಶೇ 77ರಷ್ಟು ಮಕ್ಕಳ ತಲೆ ಪೂರ್ತಿ ಸರಿಹೋಗಿತ್ತು. ಸುಮಾರು ಶೇ 16 ಮಕ್ಕಳಿಗೆ ನಂತರ ಹೆಲ್ಮೆಟ್ ಬೇಕಾಯಿತು. ಹೀಗೆ ತಡವಾಗಿ ಹಾಕಿಸಿಕೊಂಡವರಲ್ಲಿ ಶೇ 96, ಮೊದಲೇ ಹಾಕಿಸಿಕೊಂಡವರಲ್ಲಿ ಶೇ 94 ಮಕ್ಕಳು ಸರಿಹೋದರು. ಅದೃಷ್ಟಕ್ಕೆ ಬಿಟ್ಟು ಗುಂಪು ಮಾಡಿದ ಅಧ್ಯಯನವಲ್ಲ ಇದು, ಹಾಗಾಗಿ ಕೊನೆಯ ಮಾತೂ ಅಲ್ಲ. ಆದರೂ ಮೊದಲು ಸರಳ ದಾರಿ ಹಿಡಿದು ನೋಡಿದವರು ಏನನ್ನೂ ಕಳೆದುಕೊಳ್ಳಲಿಲ್ಲ ಎಂಬುದು ಇದರಿಂದ ಸ್ಪಷ್ಟ.

ಹೆಲ್ಮೆಟ್ ಹಾಕಿಸಿದ ಬಹಳಷ್ಟು ತಂದೆತಾಯಿಗೆ ತೃಪ್ತಿಯಿದೆ, ಮೊದಲಿನ ಮತ್ತು ಆಮೇಲಿನ ಫೋಟೊಗಳಲ್ಲಿ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಅವರ ಮಾತನ್ನು ಅನುಮಾನಿಸಬೇಕಿಲ್ಲ. ವ್ಯತ್ಯಾಸ ಆಗಿದೆ; ಆಗಿದ್ದು ಯಾವುದರಿಂದ ಎಂಬುದಷ್ಟೇ ತಕರಾರು. ನ್ಯೂಜಿಲೆಂಡಿನಲ್ಲಿ 200 ಕೂಸುಗಳನ್ನು ಎರಡು ವರ್ಷ ಹಿಂಬಾಲಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಾಲ್ಕನೇ ತಿಂಗಳಲ್ಲಿ ಶೇ 20ರಷ್ಟು ಮಕ್ಕಳ ತಲೆ ಚಪ್ಪಟೆಯಾಗಿತ್ತು, ವರ್ಷ ತುಂಬುವಾಗ ಅದು ಶೇ 7ಕ್ಕೆ, ಎರಡು ವರ್ಷಕ್ಕೆ ಶೇ 3ಕ್ಕೆ ಇಳಿದಿತ್ತು. ಕತ್ತು ನಿಂತು, ಮಗುಚಿಕೊಂಡು, ಎದ್ದು ಕೂತ ಮಗು ಹಾಸಿಗೆಗೆ ತಲೆ ಊರುವ ಹೊತ್ತೇ ಕಡಿಮೆಯಾಗುತ್ತದೆ. ಹೆಲ್ಮೆಟ್ ಹಾಕುವ ತಿಂಗಳುಗಳೂ ತಲೆ ತಾನಾಗಿ ದುಂಡಗಾಗುವ ತಿಂಗಳುಗಳೂ ಒಂದೇ ಆಗಿರುವುದರಿಂದ ಒಂದರ ಶ್ರೇಯ ಇನ್ನೊಂದಕ್ಕೆ ಹೋಗುತ್ತದೆ. ಹಾಗೆಂದು ಎಲ್ಲ ತಲೆಗಳೂ ತಾವಾಗಿಯೇ ಸರಿಹೋಗುತ್ತವೆ ಎನ್ನುವುದೂ ಸುಳ್ಳು; ಡಚ್ ಅಧ್ಯಯನದ ಎರಡೂ ಗುಂಪುಗಳಲ್ಲಿ ಪೂರ್ತಿ ಸರಿಯಾದದ್ದು ನಾಲ್ಕನೇ ಒಂದು ಭಾಗ ಮಾತ್ರ. ಉಳಿದವರಿಗೆ ಅಷ್ಟಿಷ್ಟು ಸೊಟ್ಟು ಉಳಿಯುತ್ತದೆ. ಅದು ಬಹಳಷ್ಟು ಜನರಲ್ಲಿ ಕೂದಲಿನಡಿ ಅಡಗುತ್ತದೆ, ಕೆಲವರಲ್ಲಿ ಅಡಗುವುದಿಲ್ಲ. ರೂಪದ ಚಿಂತೆಯನ್ನು ಕ್ಷುಲ್ಲಕವೆಂದು ನಗುವ ಹಕ್ಕು ನಮಗಿಲ್ಲ, ಆದರೆ ಅದನ್ನು ಮೆದುಳಿನ ಭಯದೊಂದಿಗೆ ಬೆರೆಸಿ ಮಾರುವುದು ಸಲ್ಲದು. ತೀವ್ರ ಮಟ್ಟದ ಚಪ್ಪಟೆ ತಲೆಯಿದ್ದ ಮಕ್ಕಳು ಶಾಲೆಗೆ ಹೋಗುವ ವಯಸ್ಸಿನಲ್ಲಿ ಕೆಲವು ಪರೀಕ್ಷೆಗಳಲ್ಲಿ ತುಸು ಹಿಂದಿದ್ದುದನ್ನು ಸಂಶೋಧಕರು ಗುರುತಿಸಿದ್ದಾರೆ. ತಲೆ ಚಪ್ಪಟೆಯಾದದ್ದರಿಂದ ಹಾಗಾಯಿತು ಎಂಬುದಕ್ಕೆ ಪುರಾವೆಯಿಲ್ಲ. ಮೈಕೈ ಕಡಿಮೆ ಆಡಿಸುವ ಮಗು ಒಂದೇ ಮಗ್ಗುಲಲ್ಲಿ ಮಲಗುವ ಸಂಭವ ಹೆಚ್ಚು. ಅಂಥ ಮಗುವಿಗೆ ಬೇಕಾದದ್ದು ಬೆಳವಣಿಗೆಯ ತಪಾಸಣೆ.

ನಿಜವಾಗಿ ಅವಸರ ಬೇಕಾದ ಸಂದರ್ಭ ಬೇರೆಯೇ ಇದೆ. ಸುಮಾರು 2,000ದಿಂದ 2,500 ಹೆರಿಗೆಗಳಲ್ಲಿ ಒಂದು ಕೂಸಿಗೆ ತಲೆಬುರುಡೆಯ ಮೂಳೆಗಳ ನಡುವಿನ ಹೊಲಿಗೆ ಅಕಾಲದಲ್ಲಿ ಬೆಸೆದುಕೊಂಡುಬಿಡುತ್ತದೆ. ಕ್ರೇನಿಯೋಸಿನೋಸ್ಟೋಸಿಸ್ ಎಂಬ ಈ ತೊಂದರೆಯಲ್ಲಿ ತಲೆ ಉದ್ದವಾಗಿ, ಕಿರಿದಾಗಬಹುದು, ಹೊಲಿಗೆಯ ಗೆರೆಯುದ್ದಕ್ಕೂ ಏಣು ಕೈಗೆ ಸಿಗಬಹುದು. ಇದಕ್ಕೆ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ, ಅದರ ನಂತರ ಹಾಕುವ ಹೆಲ್ಮೆಟ್‌ನ ಕಥೆಯೇ ಬೇರೆ. ಮಕ್ಕಳ ವೈದ್ಯರಿಗೆ ತೋರಿಸದೆ ಹೆಲ್ಮೆಟ್ ಅಳತೆಗೆ ಸ್ಕ್ಯಾನ್ ಮಾಡುವ ಅಂಗಡಿಗೆ ನೇರವಾಗಿ ಹೋದರೆ ಆಗಬಹುದಾದ ದೊಡ್ಡ ಅನಾಹುತ ಹಣ ಪೋಲಾಗುವುದಲ್ಲ, ಈ ತೊಂದರೆ ಕಣ್ತಪ್ಪಿ ಹೋಗುವುದು.

ಹೆಲ್ಮೆಟ್ ಬೇಡ ಎಂದಕೂಡಲೇ ನಮ್ಮಲ್ಲಿ ಸಾಸಿವೆ ದಿಂಬು, ರಾಗಿ ದಿಂಬು ಹೊರಬರುತ್ತವೆ. ಎಣ್ಣೆ ಹಚ್ಚಿ ನೀರೆರೆಯುವಾಗ ತಲೆಯನ್ನು ಒತ್ತಿ ತಿದ್ದುವವರೂ ಇದ್ದಾರೆ. ಮೆಲ್ಲಗೆ ಎಣ್ಣೆ ತೀಡುವುದಕ್ಕೆ ಯಾರ ತಕರಾರೂ ಇಲ್ಲ. ಆದರೆ ದಿನದ ಹದಿನೈದು ಗಂಟೆ ಹಾಸಿಗೆ ಮಾಡಿದ ಒತ್ತಡವನ್ನು ಐದು ನಿಮಿಷದ ಕೈ ತಿದ್ದಲಾರದು. ದಿಂಬಿನ ವಿಷಯದಲ್ಲಿ ಮಾತು ಇನ್ನೂ ಖಡಕ್ಕಾಗಿರಬೇಕು. ಹಸುಗೂಸು ಮಲಗುವ ಜಾಗದಲ್ಲಿ ಯಾವ ದಿಂಬೂ ಇರಬಾರದು ಎಂಬುದು ಉಸಿರುಗಟ್ಟುವ ಅಪಾಯ ತಪ್ಪಿಸುವ ನಿಯಮ. ತಲೆ ದುಂಡಗಾಗಿಸುತ್ತೇವೆಂದು ಮಾರುವ ದಿಂಬುಗಳನ್ನು ಬಳಸಬೇಡಿ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2022ರಲ್ಲಿ ಎಚ್ಚರಿಕೆ ಕೊಟ್ಟಿದೆ. ತಲೆ ಚಪ್ಪಟೆಯಾಗುತ್ತದೆಂದು ಕೂಸನ್ನು ಬೋರಲು ಮಲಗಿಸಲು ಹೊರಡುವುದಂತೂ ಜೀವದ ಜೊತೆ ಆಟ.

ಉಳಿದಿರುವ ದಾರಿ ತೀರ ಸಾದಾ, ಅದಕ್ಕೇ ಯಾರೂ ಅದರ ಜಾಹೀರಾತು ಹಾಕುವುದಿಲ್ಲ. ಅಂಗಾತ ಮಲಗಿಸುವಾಗ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಲೆ ತಿರುಗಿಸುವುದು. ಬೆಳಕು, ಮಾತು ಬರುವ ದಿಕ್ಕಿಗೆ ಕೂಸು ತಿರುಗುವುದರಿಂದ ಮಲಗಿಸುವ ದಿಕ್ಕನ್ನೂ ಬದಲಿಸುವುದು. ಬಾಟಲಿ ಹಾಲು ಕುಡಿಸುವವರು ತೋಳು ಬದಲಿಸುವುದು. ಎಚ್ಚರವಿರುವಾಗ, ಕಣ್ಣೆದುರೇ, ಹೊಟ್ಟೆಯ ಮೇಲೆ ಮಲಗಿಸಿ ಆಡಿಸುವ ಹೊತ್ತನ್ನು ಏಳನೇ ವಾರದ ಹೊತ್ತಿಗೆ ದಿನಕ್ಕೆ ಒಟ್ಟು 15–30 ನಿಮಿಷಕ್ಕೆ ತರುವುದು. ಕತ್ತು ಒಂದೇ ಕಡೆಗೆ ಸಲೀಸಾಗಿ ತಿರುಗಿ ಇನ್ನೊಂದು ಕಡೆ ಬಿಗಿಯಾಗಿದ್ದರೆ ಫಿಸಿಯೋಥೆರಪಿ. ಇದು ಬರೀ ಹಾರೈಕೆಯ ಮಾತಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ ಒಂದೇ ಮಗ್ಗುಲಿಗೆ ತಲೆ ಹಾಕುತ್ತಿದ್ದ ಏಳು ವಾರದ 65 ಕೂಸುಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಫಿಸಿಯೋಥೆರಪಿ ಕೊಟ್ಟು ನೋಡಿದರು. ಆರನೇ ತಿಂಗಳಿಗೆ ತೀವ್ರ ಚಪ್ಪಟೆ ಉಳಿದದ್ದು ಆ ಗುಂಪಿನಲ್ಲಿ ಶೇ 30, ಇನ್ನೊಂದರಲ್ಲಿ ಶೇ 56. ಹೆಲ್ಮೆಟ್‌ಗೆ ಅದೃಷ್ಟದ ಹಂಚಿಕೆಯ ಪರೀಕ್ಷೆಯಲ್ಲಿ ಸಿಗದ ಗೆಲುವು ಏಳನೇ ವಾರದ ಈ ಸಾದಾ ಆರೈಕೆಗೆ ಸಿಕ್ಕಿತು.

ಆ ವಾರಗಳಲ್ಲಿ ಕೂಸು ಹೇಗೂ ನಮ್ಮ ವ್ಯವಸ್ಥೆಯ ಕಣ್ಣೆದುರೇ ಇರುತ್ತದೆ. ಲಸಿಕೆಗೆಂದು 6, 10, 14ನೇ ವಾರದಲ್ಲಿ ಬರುತ್ತದೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ತಾಯಿಯ ಮನೆಗೆ ಆಶಾ ಕಾರ್ಯಕರ್ತೆ 42 ದಿನಗಳಲ್ಲಿ ಆರು ಸಲ ಹೋಗಬೇಕೆಂಬ ನಿಯಮವಿದೆ. ಅವರ ಮೇಲೆ ಈಗಾಗಲೇ ಕೆಲಸದ ಹೊರೆ ಸಾಕಷ್ಟಿದೆ, ಅಪೌಷ್ಟಿಕತೆಯ ಎದುರು ಸೊಟ್ಟ ತಲೆ ದೊಡ್ಡ ಸಂಗತಿಯೇ ಎಂದು ಕೇಳುವವರ ಮಾತು ಸರಿಯೇ. ಆದರೆ ಕತ್ತು ಎರಡೂ ಕಡೆಗೆ ತಿರುಗುತ್ತದೆಯೇ ಎಂದು ನೋಡಲು, ತಲೆಯನ್ನು ಮೇಲಿನಿಂದ ಗಮನಿಸಲು ಬೇಕಾಗುವುದು ಅರೆ ನಿಮಿಷ. ತೂಕ ಬರೆಯುವ ತಾಯಿ ಕಾರ್ಡಿನಲ್ಲಿ ಇದಕ್ಕೊಂದು ಸಾಲು ಸೇರಿಸಲು ಆರೋಗ್ಯ ಇಲಾಖೆಗೆ ಹೊಸ ಯೋಜನೆಯೇನೂ ಬೇಕಿಲ್ಲ. ಖಾಸಗಿ ಆಸ್ಪತ್ರೆಗಳಲ್ಲೂ ಹೆಲ್ಮೆಟ್ ಬೇಕೆಂದು ನಿರ್ಧರಿಸುವವರು ಅದನ್ನು ಮಾರುವವರಾಗಿರಬಾರದು. ಚಪ್ಪಟೆ ಎಷ್ಟಿದ್ದರೆ ಮಧ್ಯಮ, ಎಷ್ಟಿದ್ದರೆ ತೀವ್ರ ಎಂಬುದಕ್ಕೆ ಎಲ್ಲರೂ ಒಪ್ಪಿದ ಒಂದೇ ಅಳತೆಗೋಲು ಇಲ್ಲದಿರುವಾಗ, ಅಳೆಯುವವರೇ ಮಾರುವವರಾದರೆ ಅಳತೆ ಯಾವ ಕಡೆಗೆ ವಾಲೀತು ಎಂದು ಬಿಡಿಸಿ ಹೇಳಬೇಕಿಲ್ಲ. ಆರನೇ ವಾರದ ಚುಚ್ಚುಮದ್ದಿಗೆ ಕೂಸನ್ನು ಎತ್ತಿಕೊಂಡು ಹೋಗುವವರು ಕತ್ತನ್ನೂ ಹಿಂದಲೆಯನ್ನೂ ಒಮ್ಮೆ ನೋಡಿ ಎಂದು ವೈದ್ಯರನ್ನು ತಾವಾಗಿಯೇ ಕೇಳಬೇಕು.