ಗುಳಿಗಿ ಕೊಡುವ ಕೈಗೂ ಪಾಠ ಬೇಕು



ದವಾಖಾನಿ ಅಂದ ಕೂಡಲೆ ಎಲ್ಲರ ಬಾಯಲ್ಲಿ ಡಾಕ್ಟರ ಮಾತು. ಡಾಕ್ಟರಿಲ್ಲ, ಇದ್ದರೂ ಹೊತ್ತಿಗೆ ಬರೋದಿಲ್ಲ, ಬಂದರೂ ಮೈ ಮುಟ್ಟಿ ನೋಡದೆ ಚೀಟಿ ಬರೀತಾರೆ. ಮನವಿ ಪತ್ರದಲ್ಲೂ ಇದೇ, ಧರಣಿ ಭಾಷಣದಲ್ಲೂ ಇದೇ. ಸರಿ, ಇದು ಸುಳ್ಳಲ್ಲ. ಆದರೆ ಚೀಟಿ ಹಿಡಿದ ನಮ್ಮ ಅವ್ವ ಕೊನೆಗೆ ಹೋಗಿ ನಿಲ್ಲೋದು ಇನ್ನೊಂದು ಕಡೆ. ಜಾಳಗಿ ಹಾಕಿದ ಒಂದು ಸಣ್ಣ ಕಿಟಕಿ. ಒಳಗೆ ಒಬ್ಬರು, ಹೊರಗೆ ಉದ್ದ ಪಾಳಿ. ಅಲ್ಲಿ ಅರ್ಧ ನಿಮಿಷದಲ್ಲಿ ಏನು ನಡೆಯುತ್ತದೋ ಅದರ ಮೇಲೆ ಅವಳ ಮುಂದಿನ ಒಂದು ತಿಂಗಳ ಜೀವ ನಿಂತಿದೆ. ಈ ಸಲ ನಾವು ಆ ಕಿಟಕಿಯ ಮಾತಾಡುತ್ತೇವೆ.

ಅರ್ಧ ನಿಮಿಷದಲ್ಲಿ ನಡೆಯೋದು ಇಷ್ಟು. ಗುಳಿಗಿ ಪಟ್ಟಿಯನ್ನು ಕತ್ತರಿಯಿಂದ ಕತ್ತರಿಸುತ್ತಾರೆ. ಹೆಸರು ಒಂದು ತುಂಡಿನಲ್ಲಿ ಹೋಯಿತು, ಅವಧಿ ಮುಗಿಯುವ ತಾರೀಖು ಇನ್ನೊಂದು ತುಂಡಿನಲ್ಲಿ ಉಳಿಯಿತು. "ಇದು ಮುಂಜಾನಿಗೊಂದು, ಇದು ಎರಡೊತ್ತು, ಇದು ರಾತ್ರಿ. ಮುಂದ ಬರ್ರಿ." ಬಿಪಿಯದು ಬಿಳಿ, ಸಕ್ಕರಿ ಬ್ಯಾನಿಯದು ಬಿಳಿ, ಮೊಣಕಾಲು ನೋವಿನದೂ ಬಿಳಿ. ಅಕ್ಷರ ಬಾರದ ಅವ್ವ ಮೂರನ್ನೂ ಒಂದೇ ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ಬಸ್ ಹತ್ತುತ್ತಾಳೆ. ಮನೆಗೆ ಹೋಗಿ ಯಾವುದು ಯಾವುದೆಂದು ಕೇರಿಯ ಶಾಲೆ ಹುಡುಗನನ್ನು ಕೇಳುತ್ತಾಳೆ. ಆ ಹುಡುಗನೇ ಅವಳ ಫಾರ್ಮಸಿಸ್ಟ್!

ಇದು ಚಿಲ್ಲರೆ ಮಾತಲ್ಲ. ಕೀಲುಬ್ಯಾನಿಗೆ ಕೊಡುವ ಮೆಥೊಟ್ರೆಕ್ಸೇಟ್ ಅನ್ನೋ ಗುಳಿಗಿ ವಾರಕ್ಕೆ ಒಮ್ಮೆ ನುಂಗುವಂಥದ್ದು. ತಿಳಿಯದೆ ದಿನಾ ನುಂಗಿದರೆ ರಕ್ತ ತಯಾರಾಗುವ ಮಜ್ಜೆಯೇ ಕೆಟ್ಟು ಮನುಷ್ಯ ಸಾಯಬಹುದು. ಗುಳಿಗಿಯಲ್ಲಿ ಏನೂ ದೋಷವಿಲ್ಲ, ಡಾಕ್ಟರು ಬರೆದದ್ದೂ ಸರಿ. "ವಾರಕ್ಕ ಒಮ್ಮೆ, ಸೋಮವಾರ ಮಾತ್ರ" ಅನ್ನೋ ಮೂರು ನಾಲ್ಕು ಶಬ್ದ ಕಿಟಕಿಯಲ್ಲಿ ಹೊರಬೀಳಲಿಲ್ಲ ಅಷ್ಟೆ. ಬಸುರಿಗೆ ಕೊಡುವ ಕಬ್ಬಿಣಾಂಶದ ಗುಳಿಗಿ ಚಹಾದ ಜತೆ ನುಂಗಿದರೆ ಸರಿಯಾಗಿ ಮೈಗೆ ಹತ್ತೋದಿಲ್ಲ. ಇದನ್ನು ಯಾರು ಹೇಳಬೇಕು? ಚಹಾ ಇಲ್ಲದೆ ಹೊತ್ತು ಹುಟ್ಟದ ನಮ್ಮ ಕೇರಿಯಲ್ಲಿ ಇದು ಸಣ್ಣ ಸಂಗತಿಯೆ?

ಹೇಳಬೇಕು ಅಂತ ಕಾನೂನೇ ಇದೆ. 2015ರ ಜನವರಿಯಲ್ಲಿ ಹೊರಬಿದ್ದ ಫಾರ್ಮಸಿ ಪ್ರಾಕ್ಟೀಸ್ ರೆಗ್ಯುಲೇಶನ್ಸ್ ಅನ್ನೋ ನಿಯಮಾವಳಿಯಲ್ಲಿ ಫಾರ್ಮಸಿಸ್ಟ್ ರೋಗಿಗೆ ಏನೇನು ತಿಳಿಸಬೇಕು ಅಂತ ಬರೆದಿದೆ. ಔಷಧದ ಹೆಸರು, ಎಷ್ಟು, ಹೇಗೆ, ಎಷ್ಟು ದಿನ, ಯಾಕಾಗಿ, ಏನು ತೊಂದರೆ ಆಗಬಹುದು, ಎಲ್ಲಿ ಇಡಬೇಕು, ಒಂದು ಹೊತ್ತು ತಪ್ಪಿದರೆ ಏನು ಮಾಡಬೇಕು, ಎಲ್ಲಾ. ಪಾಳಿಯಲ್ಲಿ ನಿಂತ ಯಾರಿಗಾದರೂ ಇದು ಗೊತ್ತಿದೆಯೆ? ಕಾನೂನು ಪುಸ್ತಕದಲ್ಲಿ, ಪುಸ್ತಕ ಬೆಂಗಳೂರಿನಲ್ಲಿ, ಬೆಂಗಳೂರು ಇಂಗ್ಲಿಷಿನಲ್ಲಿ.

ಅದೇ ನಿಯಮಾವಳಿಯಲ್ಲಿ ಇನ್ನೊಂದು ಮಾತಿದೆ. ನೋಂದಾಯಿತ ಫಾರ್ಮಸಿಸ್ಟ್ ನೋಂದಣಿ ನವೀಕರಿಸಿಕೊಳ್ಳಬೇಕಾದರೆ ಐದು ವರ್ಷದಲ್ಲಿ ಕನಿಷ್ಠ ಎರಡು ಪುನಶ್ಚೇತನ ತರಬೇತಿಗೆ ಹೋಗಿಬರಬೇಕು, ಒಂದೊಂದೂ ಕನಿಷ್ಠ ಒಂದು ದಿನದ್ದು. ಐದು ವರ್ಷ ಅಂದರೆ 1825 ದಿನ. ಅದರಲ್ಲಿ ಎರಡು ದಿನ! ಅಮೆರಿಕದಲ್ಲಿ ಫಾರ್ಮಸಿಸ್ಟನ ಕೈಕೆಳಗೆ ಕೆಲಸ ಮಾಡುವ ಟೆಕ್ನೀಶಿಯನ್ನು ಕೂಡ ತನ್ನ ರಾಷ್ಟ್ರೀಯ ಪ್ರಮಾಣಪತ್ರ ಉಳಿಸಿಕೊಳ್ಳಲು ಎರಡು ವರ್ಷಕ್ಕೆ 20 ಗಂಟೆ ಕಲಿಯಬೇಕು. ಅಮೆರಿಕವನ್ನು ಹೊಗಳೋಕೆ ಈ ಮಾತು ಹೇಳ್ತಿಲ್ಲ. ಅಲ್ಲಿ ಔಷಧದ ಬೆಲೆ ಕೇಳಿದರೆ ಬ್ಯಾನಿ ತಾನೇ ಓಡಿಹೋಗಬೇಕು. ಆದರೆ ಗುಳಿಗಿ ಮುಟ್ಟುವ ಕೈ ಕಲಿಯುತ್ತಲೇ ಇರಬೇಕು ಅನ್ನೋದನ್ನು ಅವರು ಒಪ್ಪಿಕೊಂಡಿದ್ದಾರೆ.

ಆ ಎರಡು ದಿನವಾದರೂ ಹೇಗಿರುತ್ತದೆ? ಹೋಗಿಬಂದ ನಮ್ಮ ಹುಡುಗರು ಹೇಳೋದನ್ನೇ ಬರೆಯುತ್ತೇವೆ. ದೊಡ್ಡ ಊರಿನ ಸಭಾಂಗಣ, ಹಾರ ತುರಾಯಿ, ಗೋಡೆಯ ಮೇಲೆ ಇಂಗ್ಲಿಷ್ ಅಕ್ಷರ, ಮಧ್ಯಾಹ್ನ ಊಟ, ಸಂಜೆ ಸರ್ಟಿಫಿಕೇಟು. ಕೇಳಿದ ಒಂದು ಪ್ರಶ್ನೆಯಿಲ್ಲ, ಮುಟ್ಟಿ ನೋಡಿದ ಒಂದು ಸೀಸೆಯಿಲ್ಲ. ಮರುದಿನ ಅದೇ ಕಿಟಕಿ, ಅದೇ ಕತ್ತರಿ.

ಈ ನಡುವೆ ಔಷಧದ ಲೋಕ ಸುಮ್ಮನೆ ಕೂತಿದೆಯೆ? ಡಿಪ್ಲೊಮಾದ 1991ರ ನಿಯಮಾವಳಿ, ಅದರ ಪಠ್ಯ, 2020ರ ಹೊಸ ನಿಯಮ ಬರುವ ತನಕ ಹಾಗೇ ನಡೆಯಿತು. ಆ ಪಠ್ಯ ಓದಿ ನೌಕರಿ ಸೇರಿದವರು ಇವತ್ತಿಗೂ ಕಿಟಕಿಯಲ್ಲಿದ್ದಾರೆ. ಕ್ಷಯದ ಗುಳಿಗಿಯನ್ನೇ ನೋಡಿ. ಸರಕಾರದ ಕಾರ್ಯಕ್ರಮದಲ್ಲಿ ಮುಂಚೆ ವಾರಕ್ಕೆ ಮೂರು ದಿನ ಕೊಡುತ್ತಿದ್ದರು. 2017ರಿಂದ ದಿನಾ ಕೊಡುವ ಪದ್ಧತಿ ಬಂತು, ರೋಗಿಯ ತೂಕ ನೋಡಿ ಎಷ್ಟು ಗುಳಿಗಿ ಅಂತ ನಿರ್ಧಾರ. ಕ್ಷಯ ಯಾರ ಮನೆಯ ಬ್ಯಾನಿ? ಗಾಳಿಯಿಲ್ಲದ ಒಂದೇ ಖೋಲಿಯಲ್ಲಿ ಆರು ಜನ ಮಲಗುವ ಮನೆಯದು. ಇಂಥ ಬದಲಾವಣೆಯನ್ನು ಸುತ್ತೋಲೆಯೊಂದನ್ನು ಟಪಾಲಿಗೆ ಹಾಕಿ ಕಲಿಸಲಾಗೋದಿಲ್ಲ.

ಇನ್ನು ನಮ್ಮ ತಾಲೂಕುಗಳಿಗೆ ಬರೋಣ. ನವಲಗುಂದ, ಅಣ್ಣಿಗೇರಿ ಕಡೆ ಎರಿ ಹೊಲ. ಕಡಲಿ, ಹತ್ತಿ, ಉಳ್ಳಾಗಡ್ಡಿ. ಕುಂದಗೋಳ ಕಡೆ ಮೆಣಸಿನಕಾಯಿ. ಕಲಘಟಗಿ ಕಡೆ ಭತ್ತ, ಅಡವಿಯ ಅಂಚು. ಹೊಲದ ಒಡೆಯರು ಬದುವಿನ ಮೇಲೆ ನಿಲ್ಲುತ್ತಾರೆ. ಬೆನ್ನಿಗೆ ಪಂಪು ಕಟ್ಟಿಕೊಂಡು ಎಣ್ಣಿ ಹೊಡೆಯುವವರು, ಕತ್ತಲಲ್ಲಿ ನೀರು ಹಾಯಿಸಲು ಹೋಗುವವರು, ಕಣದಲ್ಲಿ ಮಲಗುವವರು ಬಹಳ ಮಾಡಿ ನಮ್ಮವರು. ಕೈಗವಸಿಲ್ಲ, ಬಾಯಿಗೆ ಅರಿವೆಯಿಲ್ಲ, ಕಾಲಿಗೆ ಮೆಟ್ಟಿಲ್ಲ. ಹಾಗಾಗಿ ಎಣ್ಣಿಯ ವಿಷ ನಮಗೆ, ಹಾವಿನ ವಿಷವೂ ನಮಗೆ.

ಹಾವು ಕಡಿದ ಪ್ರಕರಣವನ್ನು ಸರಕಾರಕ್ಕೆ ವರದಿ ಮಾಡಲೇಬೇಕು ಅಂತ ಕರ್ನಾಟಕದಲ್ಲಿ 2024ರ ಫೆಬ್ರವರಿಯಲ್ಲಿ ಆದೇಶವಾಯಿತು. ಒಳ್ಳೆಯದೇ. ಆದರೆ ರಾತ್ರಿ ಎಂಟಕ್ಕೆ ಟಂಟಂ ಗಾಡಿಯಲ್ಲಿ ಹಾಕಿಕೊಂಡು ಬಂದಾಗ ಉಳಿಸೋದು ಕಪಾಟಿನಲ್ಲಿರುವ ವಿಷನಿರೋಧಕ. ನಮ್ಮಲ್ಲಿ ಸಿಗೋದು ನಾಗರ, ಕಟ್ಟಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೂ ಕೂಡಿಯೇ ಮಾಡಿದ ಔಷಧ. ಒಣಪುಡಿಯ ಸೀಸೆಯನ್ನು ಫ್ರಿಜ್ ಇಲ್ಲದೆಯೂ ಇಡಬಹುದು, ದ್ರವದ್ದಾದರೆ 2ರಿಂದ 8 ಡಿಗ್ರಿ ತಂಪಿನಲ್ಲೇ ಇಡಬೇಕು. ಪುಡಿಗೆ ಶುದ್ಧ ನೀರು ಬೆರೆಸಿ ಮೆಲ್ಲಗೆ ತಿರುಗಿಸಬೇಕು, ಜೋರಾಗಿ ಕುಲುಕಿದರೆ ನೊರೆ ಎದ್ದು ಔಷಧ ಹಾಳು. ಮೊದಲ ಸಲಕ್ಕೇ ಸುಮಾರು ಹತ್ತು ಸೀಸೆ ಬೇಕು. ಕಪಾಟಿನಲ್ಲಿ ನಾಲ್ಕೇ ಇವೆ ಅನ್ನೋದು ರೋಗಿ ಬಂದ ಮೇಲೆ ಗೊತ್ತಾದರೆ ಹುಬ್ಬಳ್ಳಿಯ ದಾರಿಯೇ ಗತಿ. ಎಣ್ಣಿಯ ವಿಷಕ್ಕೆ ಕೊಡುವ ಅಟ್ರೊಪಿನ್ ಕೂಡ ಹಾಗೇ, ಒಬ್ಬನಿಗೇ ಡಜನುಗಟ್ಟಲೆ ಸೀಸೆ ಹೋಗಬಹುದು. ಮುಂಗಾರಿಗೆ ಮುಂಚೆ ಎಷ್ಟು ತರಿಸಬೇಕು ಅಂತ ಲೆಕ್ಕ ಹಾಕುವವರು ಯಾರು? ಅದೇ ಕಿಟಕಿಯ ಒಳಗಿನವರು. ಅವರಿಗೆ ಬೇಕಾದ ಪಾಠ ಇದು. ಇದಕ್ಕೆ ಹಾರ ತುರಾಯಿ ಬೇಕಿಲ್ಲ. ತಾಲೂಕು ದವಾಖಾನಿಯ ಒಂದು ಖೋಲಿ, ಕನ್ನಡ ಬಲ್ಲ ಒಬ್ಬ ಮಾಸ್ತರು, ಒಂದು ಡಬ್ಬಿ ಸೀಸೆ ಸಾಕು. ಹುಬ್ಬಳ್ಳಿ ಧಾರವಾಡದಲ್ಲಿ ಫಾರ್ಮಸಿ ಕಾಲೇಜುಗಳಿಗೇನು ಬರವೆ? ತಿಂಗಳಿಗೊಮ್ಮೆ ಒಬ್ಬರು ಬಸ್ ಹತ್ತಿ ಬರಲಿ.

ಕಲಿಯಬೇಕಾದ ಇನ್ನೊಂದಿದೆ, ಅದು ಯಾವ ಪಠ್ಯದಲ್ಲೂ ಇಲ್ಲ. ಬಾಬಾಸಾಹೇಬರು 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಕಾಠಿಯಾವಾಡದ ಒಬ್ಬ ದಲಿತ ಮಾಸ್ತರನ ಸಂಗತಿ ಬರೆದಿದ್ದಾರೆ. ಅದು 1929ರದು. ಬಾಣಂತಿ ಹೆಂಡತಿಗೆ ಬ್ಯಾನಿ. ಕೇರಿಯೊಳಗೆ ಬರಲಾರೆನೆಂದ ಡಾಕ್ಟರು ಹೊರಗೇ ನಿಂತು ಥರ್ಮಾಮೀಟರನ್ನು ಒಬ್ಬ ಮುಸಲ್ಮಾನನ ಕೈಗೆ ಕೊಟ್ಟ, ಅವನು ಗಂಡನಿಗೆ, ಗಂಡ ಹೆಂಡತಿಗೆ. ಅದೇ ದಾರಿಯಲ್ಲಿ ವಾಪಸ್. ಔಷಧ ಕೊಟ್ಟ, ಮತ್ತೆ ಬರಲಿಲ್ಲ. ಆಕೆ ಸತ್ತಳು. ಅದು ಹಳೆಯ ಕಾಲ ಅಂತೀರಾ? ಸಂಘಮಿತ್ರಾ ಆಚಾರ್ಯ ಅವರು ಗುಜರಾತ್, ರಾಜಸ್ಥಾನದ ಹಳ್ಳಿಗಳಲ್ಲಿ ದಲಿತ ಮಕ್ಕಳ ಬಗ್ಗೆ ಮಾಡಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಾರತಮ್ಯ ಅತಿ ಹೆಚ್ಚು ಕಾಣಿಸಿಕೊಂಡ ಜಾಗಗಳಲ್ಲಿ ಔಷಧ ಕೊಡುವ ಜಾಗವೂ ಒಂದು. ನಮ್ಮ ಕಡೆಯ, ಹೆಸರು ಬೇಡದ ಒಂದು ದವಾಖಾನಿಯಲ್ಲಿ ನಾವೇ ಕಂಡಿದ್ದೇವೆ: ಕೆಲವರಿಗೆ ಗುಳಿಗಿ ಕೈಗೆ ಬರುತ್ತದೆ, ಕೆಲವರಿಗೆ ಕಟ್ಟೆಯ ಮೇಲೆ ಬಂದು ಬೀಳುತ್ತದೆ. ಗೌಡರಿಗೆ "ಊಟ ಆದಮ್ಯಾಲೆ ತೊಗೋರಿ", ನಮ್ಮ ಅಜ್ಜನಿಗೆ "ಏ, ಊಟ ಮಾಡಿ ನುಂಗು". ಹೀಗೆ ಅನ್ನಿಸಿಕೊಂಡವಳು ಎರಡನೇ ಸಲ ಕೇಳೋದಿಲ್ಲ. ತಿಳಿಯದಿದ್ದರೂ ತಿಳಿಯಿತು ಅಂತ ತಲೆಯಾಡಿಸಿ ಹೋಗುತ್ತಾಳೆ. ಅಲ್ಲಿಗೆ ಜಾತಿ ಹೊಟ್ಟೆಯೊಳಗಿನ ಔಷಧದ ಪ್ರಮಾಣವನ್ನೇ ಕೆಡಿಸಿತು. ಔಷಧವನ್ನು ಕೈಗೆ ಕೊಡಬೇಕು, ಬಹುವಚನದಲ್ಲಿ ಮಾತಾಡಬೇಕು, ರೋಗಿಯ ಬಾಯಿಂದಲೇ ತಿರುಗಿ ಹೇಳಿಸಬೇಕು. ಇದೂ ತರಬೇತಿಯ ವಿಷಯ, ಪರೀಕ್ಷೆಯ ವಿಷಯ.

ಹಾಗಂತ ಕಿಟಕಿಯೊಳಗಿನವರು ನಮ್ಮ ವೈರಿಗಳಲ್ಲ. ಮೀಸಲಾತಿಯಿಂದ ಬಂದ ನಮ್ಮ ಅಣ್ಣ ಅಕ್ಕಂದಿರೂ ಅಲ್ಲಿದ್ದಾರೆ. ಸಣ್ಣ ದವಾಖಾನಿಯಲ್ಲಿ ಒಬ್ಬರೇ ಔಷಧ ಕೊಡಬೇಕು, ಇಂಡೆಂಟ್ ಬರೆಯಬೇಕು, ಕಂಪ್ಯೂಟರಿಗೆ ತುಂಬಬೇಕು, ಕರೆಂಟು ಹೋದಾಗ ಲಸಿಕೆಯ ಫ್ರಿಜ್ಜಿನ ಡಿಗ್ರಿ ಕಾಯಬೇಕು. ತರಬೇತಿಗೆ ಹೋದರೆ ಕಿಟಕಿ ಮುಚ್ಚುತ್ತದೆ, ಬದಲಿ ಆಳಿಲ್ಲ. ತರಬೇತಿಯ ದಿನ ಕೆಲಸದ ದಿನ ಅಂತ ಲೆಕ್ಕವಾಗಬೇಕು, ಪ್ರಯಾಣಭತ್ಯೆ ಸಿಗಬೇಕು, ಬದಲಿಯವರು ಬರಬೇಕು. ಇದು ಅವರ ಬೇಡಿಕೆ ಮಾತ್ರವಲ್ಲ, ನಮ್ಮದೂ.

ಅವರ ಹಿಂದೆ ಇನ್ನೊಬ್ಬರಿದ್ದಾರೆ. ಡಬ್ಬಿ ಹೊರುವ, ಗುಳಿಗಿ ಎಣಿಸುವ, ಪಾಳಿ ಹೆಚ್ಚಾದಾಗ ತಾನೇ ಕೊಟ್ಟುಬಿಡುವ ಗುತ್ತಿಗೆಯ ಕೈ. 1948ರ ಫಾರ್ಮಸಿ ಕಾಯ್ದೆ ಬಂದಾಗ, ಮೊದಲ ನೋಂದಣಿ ಪುಸ್ತಕಕ್ಕೆ ದವಾಖಾನಿಯಲ್ಲಿ ಐದು ವರ್ಷ ಔಷಧ ಬೆರೆಸಿದ ಅನುಭವವನ್ನೂ ಅರ್ಹತೆ ಅಂತ ಒಪ್ಪಿದರು. ಜನ ಕಂಪೌಂಡರ್ ಅಂತ ಕರೆಯುತ್ತಿದ್ದ ಎಷ್ಟೋ ಮಂದಿ ಹಾಗೆ ಒಳಗೆ ಬಂದರು. ಆಮೇಲೆ ಆ ಬಾಗಿಲು ಮುಚ್ಚಿತು. ಡಿಪ್ಲೊಮಾ ಇಲ್ಲದವರು ಔಷಧ ಕೊಡಬಾರದು ಅನ್ನೋದು ಸರಿಯೇ, ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಇವತ್ತು ಕೆಲಸ ಮಾತ್ರ ಅವರ ಕೈಯಲ್ಲಿ ಮಾಡಿಸಿಕೊಂಡು, ಕಲಿಕೆಯನ್ನೂ ಹೆಸರನ್ನೂ ಕೊಡದಿರೋದು ಯಾವ ನ್ಯಾಯ? ನಮ್ಮ ಕಾಯ್ದೆಯಲ್ಲಿ ಫಾರ್ಮಸಿ ಟೆಕ್ನೀಶಿಯನ್ ಅನ್ನುವ ನೋಂದಣಿಯೇ ಇಲ್ಲ. ಕಸ ಹೊಡೆಯುವವನ ಮಗ ಕಸವನ್ನೇ ಹೊಡೆಯಲಿ ಅನ್ನೋ ಹಳೆಯ ಧರ್ಮ ಇಲ್ಲಿ ಬಿಳಿ ಕೋಟು ತೊಟ್ಟು ನಿಂತಿದೆ. ಅವರಿಗೂ ತರಬೇತಿ ಬೇಕು, ಅದು ಮೇಲೆ ಹತ್ತುವ ಏಣಿಯಾಗಬೇಕು.

2024ರ ನವೆಂಬರಿನಲ್ಲಿ ಬಳ್ಳಾರಿಯ ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಶಸ್ತ್ರಚಿಕಿತ್ಸೆಯಾದ ಐವರು ಬಾಣಂತಿಯರು ತೀರಿಕೊಂಡದ್ದು ಮರೆಯುವಂಥದ್ದಲ್ಲ. ಹೊರರಾಜ್ಯದ ಕಂಪನಿಯ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಅನುಮಾನ ಬಂತು, ಬಳಕೆ ನಿಂತಿತು, ಔಷಧ ನಿಯಂತ್ರಕರ ಅಮಾನತಾಯಿತು. ಮೇಲಿನವರ ಲೆಕ್ಕ ಮೇಲೆ ನಡೆಯಲಿ. ಕೆಳಗೆ ನಮಗೆ ಬೇಕಾದದ್ದು, ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡುವ ಕಣ್ಣು, ಬ್ಯಾಚ್ ನಂಬರು ಬರೆದಿಡುವ ರೂಢಿ, ಅನುಮಾನ ಬಂದ ಕ್ಷಣ "ಇದನ್ನ ಹಾಕಬ್ಯಾಡ್ರಿ" ಅಂತ ದೊಡ್ಡ ಡಾಕ್ಟರಿಗೂ ಹೇಳುವ ಎದೆ. ಆ ಎದೆ ಬರೋದು ಓದಿನಿಂದ.

ಈಗ ಹಾಸ್ಟೆಲಿನ ನಿಮಗೆ. ಬಾಬಾಸಾಹೇಬರು 1928ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಎಜುಕೇಶನ್ ಸೊಸೈಟಿ ಕಟ್ಟಿ ಹಾಸ್ಟೆಲು ನಡೆಸಿದ ಊರುಗಳಲ್ಲಿ ನಮ್ಮ ಧಾರವಾಡವೂ ಒಂದು. ಅಲ್ಲಿಂದ ಇಲ್ಲಿಗೆ ಬಂದ ನಿಮ್ಮಲ್ಲಿ ಡಿ.ಫಾರ್ಮ್ ಓದುವವರು ಇದ್ದೀರಿ. ಓದು ಮುಗಿದ ಮೇಲೆ ಅಂಗಡಿ ಇಡಲು ರೊಕ್ಕವಿಲ್ಲ. ಆಗ ಸಾಹುಕಾರನೊಬ್ಬ ಬರುತ್ತಾನೆ: "ನಿನ್ನ ಸರ್ಟಿಫಿಕೇಟ್ ನನ್ನ ಅಂಗಡ್ಯಾಗ ತೂಗಹಾಕ್ತೀನಿ, ತಿಂಗಳಾ ಇಷ್ಟು ಕೊಡ್ತೀನಿ, ನೀ ಬರೂದೂ ಬ್ಯಾಡ." ನಿಮ್ಮ ಹೆಸರು ಗೋಡೆಯ ಮೇಲೆ, ಔಷಧ ಕೊಡುವವನು ಅವನ ಅಳಿಯ. ಈ ಬಾಡಿಗೆಗೆ ಒಪ್ಪಬೇಡಿ. ಅದು ಅಪರಾಧ, ಜತೆಗೆ ಆ ಅಂಗಡಿಗೆ ಔಷಧಕ್ಕೆ ಬರುವವಳು ನಿಮ್ಮ ಅವ್ವನೇ.

ಮಾಡಲಿಕ್ಕೆ ಕೆಲಸವಿದೆ. ಔಷಧ ನುಂಗಿ ಮೈಯೆಲ್ಲ ಗಂಧೆ ಎದ್ದರೆ, ತಲೆ ತಿರುಗಿದರೆ, ರೋಗಿಯೇ ವರದಿ ಮಾಡುವ ಅರ್ಜಿ ಕನ್ನಡದಲ್ಲೂ ಇದೆ. 1800-180-3024ಕ್ಕೆ ಪುಕ್ಕಟೆ ಫೋನೂ ಮಾಡಬಹುದು. ಮಾಹಿತಿ ಹಕ್ಕಿನಡಿ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಅರ್ಜಿ ಹಾಕಿ ಕೇಳಿ: ನಮ್ಮ ತಾಲೂಕಿನ ಫಾರ್ಮಸಿಸ್ಟರಿಗೆ ಕಳೆದ ಐದು ವರ್ಷದಲ್ಲಿ ಎಷ್ಟು ದಿನ ತರಬೇತಿ ಕೊಟ್ಟಿರಿ, ಯಾವ ವಿಷಯ, ಯಾವ ಭಾಷೆ? ಹತ್ತು ರೂಪಾಯಿ ಶುಲ್ಕ, ಒಂದೇ ವಿಷಯ, 150 ಶಬ್ದದೊಳಗೆ. ಬಿಪಿಎಲ್ ಕಾರ್ಡಿದ್ದರೆ ಹತ್ತು ರೂಪಾಯಿಯೂ ಬೇಡ. ಮೂವತ್ತು ದಿನದಲ್ಲಿ ಉತ್ತರ ಬರಬೇಕು. ನಾಲ್ಕೂ ತಾಲೂಕಿನಿಂದ ಒಂದೊಂದು ಅರ್ಜಿ ಹೋಗಲಿ.

ಮುಂದಿನ ಸಭೆಗೆ ಬರುವಾಗ ಪ್ರತಿಯೊಬ್ಬರೂ ಊರಿಂದ ಮನೆಯ ಔಷಧ ಚೀಟಿ, ಅರ್ಧ ಉಳಿದ ಗುಳಿಗಿ ಪಟ್ಟಿ, ಹಳೆಯ ಸೀಸೆ ತನ್ನಿ. ಡಿ.ಫಾರ್ಮ್ ಓದುವ ಗೆಳೆಯರು ಒಂದು ತಾಸು ಮುಂಚೆ ಬರಲಿ. ಜಮಖಾನೆ ಹಾಸಿ ಎಲ್ಲವನ್ನೂ ಹರಡಿ, ಯಾವುದು ಯಾವುದಕ್ಕೆ, ಯಾವುದರ ತಾರೀಖು ಮುಗಿದಿದೆ ಅಂತ ನೋಡೋಣ. ಚೀಟಿಯ ಮೇಲೆ ಮುಂಜಾನೆಗೆ ಸೂರ್ಯ, ರಾತ್ರಿಗೆ ಚಂದ್ರ ಬರೆಯಲು ಒಂದು ಕೆಂಪು ಪೆನ್ನು, ಒಂದು ನೀಲಿ ಪೆನ್ನು ಇರಲಿ.