ಪೊಟ್ಟಣದ ಮೇಲೆ ಬಂದು ಕುಳಿತ ಗಡಿ

ಕೃಷ್ಣೆ-ತುಂಗಭದ್ರೆಗಳ ನಡುವಣ ನಮ್ಮ ದೋಆಬಿಗೆ ಗಡಿಯ ಉಪದ್ರವವು ಹೊಸದಲ್ಲ. ನಿಜಾಮಶಾಹಿಯ ಕಾಲದಲ್ಲಿ ಸಂಸ್ಥಾನದೊಳಕ್ಕೆ ಬರುವ ಮಾಲಿಗೂ ಹೊರಕ್ಕೆ ಹೋಗುವ ಮಾಲಿಗೂ ಕರೋಡಗಿರಿ ಇಲಾಖೆಯವರು ನೂರಕ್ಕೆ 5ರಂತೆ ಸುಂಕವನ್ನು ವಸೂಲು ಮಾಡುತ್ತಿದ್ದರು. 1871ರಲ್ಲಿ ಮುಂಬಯಿ ಕಡೆಯ ರೈಲುಹಾದಿಯೂ ಮದರಾಸು ಕಡೆಯ ರೈಲುಹಾದಿಯೂ ರಾಯಚೂರಿನಲ್ಲಿ ಕೂಡಿದಂದಿನಿಂದ ಈ ಊರು ವ್ಯಾಪಾರದ ಕೂಡುದಾರಿಯಾಯಿತಾದರೂ, ಸುಂಕದ ಕಟ್ಟೆ ಮಾತ್ರ ಅಲ್ಲಿಯೇ ಉಳಿಯಿತು. 1948ರಲ್ಲಿ ಸಂಸ್ಥಾನವು ಭಾರತದೊಡನೆ ಒಂದಾಯಿತು. 1956ರಲ್ಲಿ ರಾಯಚೂರು ಕನ್ನಡನಾಡಿನ ಮಡಿಲಿಗೆ ಬಂದಿತು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆಯು ಜಾರಿಯಾದಾಗ, ಇನ್ನು ದೇಶಕ್ಕೆಲ್ಲ ಒಂದೇ ಮಾರುಕಟ್ಟೆಯೆಂದು ಸಾರಲಾಯಿತು. ಅದನ್ನು ನಂಬಿ ಸಂತೋಷಪಟ್ಟವರಲ್ಲಿ ನಾವೂ ಒಬ್ಬರು. ಆದರೆ ರಸ್ತೆಯ ಮೇಲಿಂದ ಎದ್ದುಹೋದ ಗಡಿಯು ಈಗ ಪೊಟ್ಟಣದ ಮೇಲೆ ಬಂದು ಕುಳಿತಿರುವದನ್ನು ವಾಚಕರ ಗಮನಕ್ಕೆ ತರುವದು ನಮ್ಮ ಕರ್ತವ್ಯವಾಗಿದೆ.

ಮಾನ್ವಿ, ದೇವದುರ್ಗಗಳಂಥ ತಾಲೂಕುಗಳಲ್ಲಿ ಹೆಂಗಸರು ಮನೆಯಲ್ಲಿಯೇ ಮಾಡುವ ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ, ಕೆಂಪು ಖಾರದ ಪುಡಿ ಇವು ಹಿಂದೆ ನಂಟರ ಚೀಲದಲ್ಲಿ ಊರೂರಿಗೆ ಹೋಗುತ್ತಿದ್ದವು. ಇಂದು ಕೈಯೊಳಗಣ ದೂರವಾಣಿಯೇ ಅಂಗಡಿಯಾಗಿದೆ. ಉದ್ಯೋಗಕ್ಕಾಗಿ ಹೈದರಾಬಾದು, ಪುಣೆ, ಬೆಂಗಳೂರುಗಳಲ್ಲಿ ನೆಲೆಸಿದ ಈ ಸೀಮೆಯವರು ಅಲ್ಲಿಂದಲೇ ಬೇಡಿಕೆ ಕಳುಹುತ್ತಾರೆ. ಇಲ್ಲಿಂದ ಅಂಚೆಯಲ್ಲಿಯೋ ಕೊರಿಯರಿನಲ್ಲಿಯೋ ಗಂಟು ಹೋಗುತ್ತದೆ. ಕಾಲುವೆಯ ನೀರು ತಲುಪದ ಹೊಲಗಳುಳ್ಳ, ವರ್ಷದ ಅರ್ಧ ಕಾಲ ಗುಳೆ ಹೋಗುವ ಮನೆತನಗಳಿಗೆ ಇದು ಸಣ್ಣ ಆಧಾರವಲ್ಲ. ಮನೆಯಲ್ಲಿ ಕುಳಿತು ಮಾಡಬಹುದಾದ, ಬಂಡವಾಳ ಬೇಡದ ದುಡಿಮೆಯೆಂದರೆ ಇಂಥದೇ. ಸರಕಾರದವರೂ ಸ್ತ್ರೀಯರ ಸ್ವಸಹಾಯ ಸಂಘಗಳಿಗೆ ಇದನ್ನೇ ಉಪದೇಶಿಸುತ್ತ ಬಂದಿದ್ದಾರೆ. 2020ರಲ್ಲಿ ಆರಂಭವಾದ ಕೇಂದ್ರದ ಕಿರು ಆಹಾರ ಉದ್ಯಮಗಳ ಯೋಜನೆಯು ನೂರಕ್ಕೆ 35ರಷ್ಟು ಸಹಾಯಧನವನ್ನೂ ಗೊತ್ತುಮಾಡಿತು.

ಹೀಗೆ ಒಂದು ಕೈಯಿಂದ ಕರೆದ ಸರಕಾರವು ಇನ್ನೊಂದು ಕೈಯಿಂದ ಏನು ಮಾಡುತ್ತದೆಂಬುದನ್ನು ನೋಡೋಣ. ಹಿಂಡಿಯನ್ನು ಮುಂಚಿತವಾಗಿ ತೂಗಿ ಪೊಟ್ಟಣದಲ್ಲಿ ಕಟ್ಟಿದೊಡನೆ ಅದು 2011ರ ಪೊಟ್ಟಣ ಸರಕುಗಳ ನಿಯಮಗಳ ಹಿಡಿತಕ್ಕೆ ಬರುತ್ತದೆ. ಕಟ್ಟಿದವರ ಹೆಸರು, ಪೂರ್ಣ ವಿಳಾಸ, ಸರಕಿನ ಹೆಸರು, ನಿವ್ವಳ ತೂಕ, ತಯಾರಾದ ತಿಂಗಳು ಮತ್ತು ವರ್ಷ, ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ, ದೂರು ಹೇಳಿಕೊಳ್ಳಲು ದೂರವಾಣಿಯ ಸಂಖ್ಯೆ ಇಷ್ಟೂ ಇರತಕ್ಕದ್ದು. ಗ್ರಾಮಿಗೆ ಎಷ್ಟು ಬೆಲೆ ಬಿತ್ತೆಂಬ ಲೆಕ್ಕವು 2022ರಲ್ಲಿ ಇದಕ್ಕೆ ಸೇರಿತು. ಅಕ್ಷರಗಳ ಎತ್ತರವನ್ನು ಮಿಲಿಮೀಟರಿನಲ್ಲಿ ಅಳೆಯುತ್ತಾರೆ. ಪೊಟ್ಟಣ ಕಟ್ಟತೊಡಗಿದ 90 ದಿನಗಳೊಳಗಾಗಿ ನೋಂದಣಿಗೆ ಅರ್ಜಿ ಕೊಡಬೇಕು. ಇದು ಮುಗಿಯಿತೆನ್ನುವಷ್ಟರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರದವರ ನಿಬಂಧನೆಗಳು ಎದುರಾಗುತ್ತವೆ: 14 ಅಂಕೆಯ ಸಂಖ್ಯೆ, ಅವರ ಮುದ್ರೆ, ಶಾಕಾಹಾರದ ಹಸಿರು ಗುರುತು, ಸಾಮಗ್ರಿಗಳ ಪಟ್ಟಿ, ತಯಾರಿಕೆಯ ತಂಡದ ಸಂಖ್ಯೆ, ಎಂದಿನೊಳಗೆ ತಿನ್ನಬೇಕೆಂಬ ದಿನಾಂಕ, ಶೇಂಗಾ ಇದ್ದಲ್ಲಿ ಅದು ಕೆಲವರ ಮೈಗೆ ಒಗ್ಗದೆಂಬ ಕಾರಣದಿಂದ ಬೇರೆಯೇ ಸೂಚನೆ. ಜಾಲದ ಅಂಗಡಿಯಲ್ಲಿ ಮಾರುವದಾದರೆ 2018ರ ಆರಂಭದಿಂದ ಈ ವಿವರಗಳಲ್ಲಿ ಹೆಚ್ಚಿನವನ್ನು ಅಲ್ಲಿಯೂ ತೋರಿಸಬೇಕು. 2024ರ ನವೆಂಬರಿನಲ್ಲಿ ಪ್ರಾಧಿಕಾರದವರು ಜಾಲದ ವ್ಯಾಪಾರಸ್ಥರಿಗೆ ಇನ್ನೊಂದು ಮಾತು ಹೇಳಿದರು: ಗಿರಾಕಿಯ ಕೈ ಸೇರುವಾಗ ಆಹಾರದ ಬಾಳಿಕೆಯಲ್ಲಿ ನೂರಕ್ಕೆ 30ರಷ್ಟಾದರೂ ಇಲ್ಲವೆ 45 ದಿನವಾದರೂ ಉಳಿದಿರಬೇಕೆಂದು. ಊರಿಂದೂರಿಗೆ ದಾಸ್ತಾನು ಮಳಿಗೆಯುಳ್ಳ ದೊಡ್ಡ ಕಂಪನಿಗೆ ಇದು ಸುಲಭ. ದೇವದುರ್ಗದ ಹಳ್ಳಿಯಿಂದ ಗಂಟು ಪೇಟೆಗೆ ಬಂದು, ಅಲ್ಲಿಂದ ರಾಯಚೂರಿಗೆ ಬಂದು, ಮುಂದೆ ಹೋಗುವಾಗಿನ ದಿನಗಳು ಯಾರ ಲೆಕ್ಕಕ್ಕೆ?

ಆದರೆ ನಮ್ಮನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸುವ ಸಂಗತಿಯು ಭಾಷೆಯದು. ಮೇಲೆ ಹೇಳಿದ ಕೇಂದ್ರದ ನಿಯಮಗಳ ಪ್ರಕಾರ ಪೊಟ್ಟಣದ ಮೇಲಣ ವಿವರಗಳು ದೇವನಾಗರಿ ಲಿಪಿಯ ಹಿಂದಿಯಲ್ಲಾಗಲಿ ಇಂಗ್ಲಿಷಿನಲ್ಲಾಗಲಿ ಇರತಕ್ಕದ್ದು. ಮಿಕ್ಕ ಭಾಷೆಗಳನ್ನು ಬೇಕಿದ್ದರೆ ಜೊತೆಗೆ ಬರೆದುಕೊಳ್ಳಬಹುದು. ಆಹಾರದ ನಿಬಂಧನೆಗಳ ಧೋರಣೆಯೂ ಇದೇ. ಎಂದರೆ ಮಾನ್ವಿಯ ಕನ್ನಡತಿಯು ಕಟ್ಟಿ ಲಿಂಗಸುಗೂರಿನ ಕನ್ನಡಿಗನಿಗೆ ಮಾರಿದ ಹಿಂಡಿಯ ಪೊಟ್ಟಣದ ಮೇಲೆ ಅಚ್ಚಗನ್ನಡದಲ್ಲಿ ಎಲ್ಲವನ್ನೂ ಬರೆದರೂ, ಕಾಯ್ದೆಯ ದೃಷ್ಟಿಯಲ್ಲಿ ಅದು ಏನನ್ನೂ ಬರೆಯದ ಪೊಟ್ಟಣಕ್ಕೆ ಸಮಾನ! ಮಾರುವವರಿಗೂ ಕೊಳ್ಳುವವರಿಗೂ ತಿಳಿಯುವ ಭಾಷೆಯು ಸಾಲದು, ಇಬ್ಬರಿಗೂ ಸರಿಯಾಗಿ ತಿಳಿಯದ ಭಾಷೆಯು ಸಾಕು ಎಂಬ ಈ ನ್ಯಾಯವು ಗ್ರಾಹಕರ ಹಿತಕ್ಕಾಗಿ ಹುಟ್ಟಿತೆಂದು ನಾವು ಹೇಗೆ ನಂಬಬೇಕು? ಇತ್ತ ನಮ್ಮ ರಾಜ್ಯ ಸರಕಾರದವರು 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮವನ್ನು ಆಧರಿಸಿ, ಇಲ್ಲಿ ತಯಾರಾದ ಸರಕಿನ ಮೇಲೆ ಹೆಸರೂ ಬಳಕೆಯ ಸೂಚನೆಗಳೂ ಕನ್ನಡದಲ್ಲಿರಬೇಕೆಂದು 2025ರ ಫೆಬ್ರವರಿಯಲ್ಲಿ ಆಜ್ಞೆ ಮಾಡಿದರು. ಆ ಆಜ್ಞೆಯು ಯೋಗ್ಯವಾದುದೇ; ಅದನ್ನು ನಾವು ಮನಸಾರೆ ಸ್ವಾಗತಿಸಿದ್ದೇವೆ. ಆದರೆ ಫಲವೇನಾಯಿತು? ದೊಡ್ಡ ಕಾರಖಾನೆಯವನು ಅಚ್ಚಿನ ಪಡಿಯಚ್ಚನ್ನು ಒಮ್ಮೆ ಬದಲಿಸಿ ಲಕ್ಷ ಪೊಟ್ಟಣಗಳ ಮೇಲೆ ಒತ್ತುತ್ತಾನೆ. ತಿಂಗಳಿಗೆ 200 ಪೊಟ್ಟಣ ಕಟ್ಟುವ ಹೆಂಗಸು 100 ಗ್ರಾಮಿನ ಅಂಗೈಯಗಲದ ಚೀಲದ ಮೇಲೆ ಎರಡು ಭಾಷೆಗಳನ್ನು ತುರುಕಬೇಕು, ಅದೂ ಗೊತ್ತುಮಾಡಿದ ಎತ್ತರದಲ್ಲಿ. ಕನ್ನಡವು ಹೊರೆಯಾಗಿ ಕಂಡದ್ದು ಕನ್ನಡದ ದೋಷದಿಂದಲ್ಲ, ಕನ್ನಡವೊಂದೇ ಸಾಲದೆಂದ ದಿಲ್ಲಿಯ ದೋಷದಿಂದ.

ಇನ್ನು ಗಡಿಯ ವಿಷಯ. ವರ್ಷಕ್ಕೆ 40 ಲಕ್ಷ ರೂಪಾಯಿಯ ವಹಿವಾಟು ಮೀರದ ಸರಕಿನ ವ್ಯಾಪಾರಿಯು ಕರ್ನಾಟಕದೊಳಗೆ ತೆರಿಗೆಯ ನೋಂದಣಿಯಿಲ್ಲದೆ ಮಾರಬಹುದು. ಜಾಲದ ಪೇಟೆಗಳ ಮೂಲಕ ಮಾರುವವರಿಗೂ ಈ ಸೌಲಭ್ಯವು 2023ರ ಅಕ್ಟೋಬರ್ 1ರಿಂದ ದೊರಕಿತು. ಆದರೆ ರಾಜ್ಯದೊಳಗೆ ಮಾತ್ರ. ತೆರಿಗೆಗೊಳಪಟ್ಟ ಸರಕಿನ ಒಂದು ಪೊಟ್ಟಣ ಗಡಿ ದಾಟಿದರೂ ನೋಂದಣಿಯು ಕಡ್ಡಾಯ. ರಾಯಚೂರಿನಿಂದ ಬೆಂಗಳೂರಿಗೆ ಒಂದು ರಾತ್ರಿಯ ಪ್ರಯಾಣ. ಮಂತ್ರಾಲಯಕ್ಕೆ ಹೊಳೆ ದಾಟಿದರೆ ಆಯಿತು, ಗದ್ವಾಲವು ಗಡಿಯಾಚೆಗೇ ಇದೆ, ಹೈದರಾಬಾದು ಬೆಂಗಳೂರಿಗಿಂತ ಎಷ್ಟೋ ಸಮೀಪ. ಖಾರದ ಪುಡಿಯು ಬೆಂಗಳೂರಿಗೆ ನಿರಾತಂಕವಾಗಿ ಹೋಗಬಹುದು, ಮಂತ್ರಾಲಯಕ್ಕೆ ಹೋಗಬೇಕಾದರೆ ಲೆಕ್ಕಪತ್ರ, ತಿಂಗಳಿಗೋ ಮೂರು ತಿಂಗಳಿಗೋ ವರದಿ, ಅದನ್ನು ಬರೆಯುವವನಿಗೆ ಸಂಬಳ! ಅಷ್ಟೇ ಅಲ್ಲ, ಒಮ್ಮೆ ನೋಂದಾಯಿಸಿಕೊಂಡ ಮೇಲೆ ಬೆಂಗಳೂರಿಗೆ ಕಳುಹುವದರ ಮೇಲೆಯೂ ತೆರಿಗೆ. 2025ರ ಸೆಪ್ಟೆಂಬರ್ 22ರಿಂದ ರೊಟ್ಟಿಗೆ ತೆರಿಗೆಯಿಲ್ಲವಾಗಿದೆ; ಆದುದರಿಂದ ರೊಟ್ಟಿಯು ಹೊಳೆ ದಾಟಬಹುದು, ಅದರೊಡನೆ ತಿನ್ನುವ ಹಿಂಡಿಯು ದಾಟಲಾರದು. ಗಡಿಯಿಂದ ದೂರವಿರುವ ಜಿಲ್ಲೆಗಳಿಗೆ ತಾಕದ ಈ ಪೆಟ್ಟು ಗಡಿನಾಡಿನ ಬೆನ್ನಿಗೇ ಬೀಳುತ್ತದೆ.

ಪೊಟ್ಟಣವೇ ತೆರಿಗೆಗೆ ಕಾರಣವಾಗುವ ವಿಚಿತ್ರವನ್ನು ಮಾನ್ವಿ ಸೀಮೆಯ ಅಕ್ಕಿಯ ಗಿರಣಿಯವರು ಚೆನ್ನಾಗಿ ಬಲ್ಲರು. 2022ರ ಜುಲೈ 18ರಿಂದ 25 ಕಿಲೊವರೆಗಿನ ಹೆಸರೊತ್ತಿದ ಚೀಲದ ಅಕ್ಕಿಗೆ ನೂರಕ್ಕೆ 5ರ ತೆರಿಗೆ ಬಂದಿತು, ಬಿಡಿ ಅಕ್ಕಿಗೆ ಇಲ್ಲ. ದೇಶದ ಹಲವೆಡೆ 26 ಕಿಲೊದ ಚೀಲಗಳು ಹುಟ್ಟಿಕೊಂಡವು. ಗಿರಣಿಯವನು ಒಂದು ಕಿಲೊ ಹೆಚ್ಚಿಗೆ ತುಂಬಿ ಕಾಯ್ದೆಯನ್ನು ದಾಟಿದನು. ಅರ್ಧ ಕಿಲೊ ಖಾರದ ಪುಡಿ ಮಾರುವವಳಿಗೆ ಅಂಥ ಉಪಾಯವಿಲ್ಲ.

ಇದು ನಮ್ಮ ದೇಶದ ವ್ಯಾಧಿ ಮಾತ್ರವಲ್ಲ. ಯುರೋಪಿನ ಒಕ್ಕೂಟದಲ್ಲಿ 27 ರಾಜ್ಯಗಳಿಗೆ ಒಂದೇ ಮಾರುಕಟ್ಟೆಯೆಂದು ಹೆಸರು. ಆದರೆ ಜರ್ಮನಿಯ ಗಿರಾಕಿಗೆ ಪಾರ್ಸೆಲು ಕಳುಹುವ ಅಂಗಡಿಯು, ವರ್ಷಕ್ಕೆ ಒಂದೇ ಪಾರ್ಸೆಲಾದರೂ ಸರಿ, ಅದರ ಪೆಟ್ಟಿಗೆ ಕಾಗದಗಳ ತೂಕವನ್ನು ಅಲ್ಲಿಯ 'ಲೂಸಿಡ್' ಎಂಬ ದಫ್ತರದಲ್ಲಿ ನೋಂದಾಯಿಸಿ ಕಸದ ವೆಚ್ಚವನ್ನು ಕಟ್ಟಬೇಕು. 2019ರಿಂದ ಜಾರಿಯಿರುವ ಆ ಕಾಯ್ದೆಯನ್ನು 2022ರ ಜುಲೈಯಲ್ಲಿ ಇನ್ನೂ ಬಿಗಿಮಾಡಿ, ನೋಂದಣಿಯಿಲ್ಲದವರನ್ನು ಜಾಲದ ಪೇಟೆಗಳೇ ಹೊರಗಿಡಬೇಕೆಂದರು. ಫ್ರಾನ್ಸಿಗೆ ಬೇರೊಂದು ಸಂಖ್ಯೆ. ಆಸ್ಟ್ರಿಯಾದಲ್ಲಿ 2023ರಿಂದ ಪರದೇಶದ ಮಾರಾಟಗಾರನು ಅಲ್ಲಿಯವನೊಬ್ಬನನ್ನು ಪ್ರತಿನಿಧಿಯನ್ನಾಗಿ ನೇಮಿಸಬೇಕು. ಕಸ ಕಡಿಮೆಯಾಗಬೇಕೆಂಬ ಉದ್ದೇಶವನ್ನು ಯಾರೂ ಅಲ್ಲಗಳೆಯಲಾರರು. ಆದರೆ ನೋಂದಣಿಯ ಖರ್ಚು ಕಸದ ಪ್ರಮಾಣಕ್ಕೆ ತಕ್ಕಂತೆ ಇಳಿಯುವದಿಲ್ಲ. ಹತ್ತು ಪಾರ್ಸೆಲಿನವನು ಒಂದೊಂದು ದೇಶವನ್ನೇ ಬಿಟ್ಟುಕೊಡುತ್ತಾನೆ, ಹತ್ತು ಲಕ್ಷ ಪಾರ್ಸೆಲಿನವನು ಆ ಗಿರಾಕಿಗಳನ್ನು ಎತ್ತಿಕೊಳ್ಳುತ್ತಾನೆ. ಕಸವು ಇದ್ದಷ್ಟೇ ಇರುತ್ತದೆ. ಈ ಒಂದು ವಿಷಯದಲ್ಲಿ ಭಾರತ ಸರಕಾರದವರು ಹೆಚ್ಚು ವಿವೇಕ ತೋರಿಸಿದರೆಂದು ಒಪ್ಪಬೇಕು: 2022ರ ಪ್ಲಾಸ್ಟಿಕ್ ಹೊಣೆಗಾರಿಕೆಯ ಸೂಚಿಗಳಲ್ಲಿ ತಮ್ಮ ಹೆಸರಿನಲ್ಲಿ ಸರಕು ಮಾರುವ ಕಿರು ಮತ್ತು ಸಣ್ಣ ಉದ್ಯಮಗಳನ್ನು ಅವರು ಹೊರಗಿಟ್ಟರು.

ಅದೇ ವಿವೇಕವನ್ನು ಉಳಿದೆಡೆ ತೋರಿಸಲು ಅಡ್ಡಿಯೇನು? ತೂಕದ ಮೋಸ, ಕಲಬೆರಕೆ ಇವುಗಳಿಂದ ಬಡ ಗಿರಾಕಿಯೇ ಮೊದಲು ಕೆಡುವನೆಂದು ಕೆಲವರು ಆಕ್ಷೇಪಿಸುವರು. ನಿಜ, ಖಾರದ ಪುಡಿಯಲ್ಲಿ ಬಣ್ಣ ಬೆರೆಸುವವರು ನಮ್ಮಲ್ಲಿ ಇಲ್ಲದೆ ಇಲ್ಲ. ಕಟ್ಟಿದವರಾರು, ತೂಕವೆಷ್ಟು, ಯಾವಾಗ ಮಾಡಿದ್ದು, ಒಳಗೇನಿದೆ ಇವಿಷ್ಟು ಇರಲೇಬೇಕು. ಅವು ಕನ್ನಡದಲ್ಲಿದ್ದರೆ ಮೋಸವು ಬೇಗ ಬಯಲಾಗುವದೇ ಹೊರತು ತಡವಾಗಿ ಅಲ್ಲ. ಆದಕಾರಣ ರಾಜ್ಯದೊಳಗೆ ಮಾರುವ ಸರಕಿಗೆ ರಾಜ್ಯಭಾಷೆಯ ವಿವರಗಳೇ ಸಾಕೆಂದು ಕೇಂದ್ರದ ನಿಯಮವನ್ನು ತಿದ್ದಿಸುವ ಭಾರವು ನಮ್ಮ ಲೋಕಸಭಾ ಸದಸ್ಯರ ಮೇಲಿದೆ. ತೆರಿಗೆಯ ಬಗ್ಗೆ ಹೊಸ ದಾರಿಯನ್ನೇನೂ ಹುಡುಕಬೇಕಾಗಿಲ್ಲ. ಗೊತ್ತುಮಾಡಿದ ಕರಕುಶಲ ವಸ್ತುಗಳನ್ನು ವರ್ಷಕ್ಕೆ 20 ಲಕ್ಷದವರೆಗೆ ನೋಂದಣಿಯಿಲ್ಲದೆ ಗಡಿಯಾಚೆ ಮಾರಲು 2017ರಿಂದಲೇ ಅನುಮತಿಯಿದೆ. ಬಿದಿರಿನ ಬುಟ್ಟಿಯು ಕೈಕಸಬಾದರೆ ಬಡಿದ ರೊಟ್ಟಿಯೂ ಕುಟ್ಟಿದ ಹಿಂಡಿಯೂ ಕೈಕಸಬಲ್ಲವೆ? ತೆರಿಗೆ ಮಂಡಳಿಯಲ್ಲಿ ಕರ್ನಾಟಕದ ಪರವಾಗಿ ಕೂಡ್ರುವ ಮಂತ್ರಿಗಳು ಸ್ವಸಹಾಯ ಸಂಘಗಳ ಆಹಾರವನ್ನು ಆ ಪಟ್ಟಿಗೆ ಸೇರಿಸಬೇಕೆಂದು ಕೇಳಲಿ. ತೆಲಂಗಾಣದವರಿಗೂ ಆಂಧ್ರದವರಿಗೂ ಗಡಿಯ ಆಚೆ ಇದೇ ಕಷ್ಟವಿರುವದರಿಂದ ಅವರು ವಿರೋಧಿಸಲಾರರು.

ಇಲ್ಲಿಯೇ ಆಗಬಹುದಾದ ಕೆಲಸವೂ ಉಂಟು. ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯವು ರಾಯಚೂರಿನಲ್ಲಿಯೇ ಇದೆ. ಅಲ್ಲಿ ಆಹಾರದ ಗುಣವನ್ನು ಪರೀಕ್ಷಿಸಬಲ್ಲವರೂ ಇದ್ದಾರೆ. ನಮ್ಮ ಹತ್ತಿಪ್ಪತ್ತು ತಿನಿಸುಗಳಿಗೆ ಬಾಳಿಕೆಯನ್ನು ಒಮ್ಮೆ ಪರೀಕ್ಷಿಸಿ, ಕಾಯ್ದೆಗೆ ಒಪ್ಪುವ ಚೀಟಿಯ ಮಾದರಿಗಳನ್ನು ಅಚ್ಚುಮಾಡಿಕೊಟ್ಟರೆ, ಒಬ್ಬೊಬ್ಬ ಹೆಂಗಸೂ ಅದಕ್ಕಾಗಿ ದಲ್ಲಾಳಿಗೆ ಹಣ ತೆರುವದು ತಪ್ಪುತ್ತದೆ. 371-ಜೆ ಕಲಮಿನ ಬಲದಿಂದ ನಮ್ಮ ಭಾಗಕ್ಕೆಂದೇ ನೇಮಕವಾದ ಅಭಿವೃದ್ಧಿ ಮಂಡಳಿಯು ಪ್ರತಿ ತಾಲೂಕಿನಲ್ಲಿ, ಮೊದಲು ದೇವದುರ್ಗ ಮಾನ್ವಿಗಳಲ್ಲಿ, ನೋಂದಣಿ, ಚೀಟಿ, ತೂಕ ಇವು ಮೂರೂ ಒಂದೇ ಮೇಜಿನ ಮೇಲೆ ಮುಗಿಯುವಂತೆ ಒಬ್ಬ ಕನ್ನಡ ಬಲ್ಲ ಗುಮಾಸ್ತನನ್ನು ಕೂಡ್ರಿಸಲಿ. ಮಂಡಳಿಯ ಹಣದಲ್ಲಿ ಇದರ ವೆಚ್ಚವು ಒಂದು ರಸ್ತೆಯ ತೇಪೆಗೂ ಸಾಲದಷ್ಟಾದೀತು.