ಕಡಲಿಲ್ಲದ ಊರಿನಿಂದ ಕಡಲ ಕಾವಲು

ನಮ್ಮ ಕುಷಾಯಿಗೂಡದಿಂದ ಕಡಲು ನೋಡಬೇಕೆಂದರೆ ಒಂದು ರಾತ್ರಿ ಬಸ್ಸಿನಲ್ಲಿ ಕೂರಬೇಕು. ಆದರೂ 2007ರಿಂದ ದೇಶದ ಸುನಾಮಿ ಎಚ್ಚರಿಕೆ ಹೊರಡುವುದು ಇದೇ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯಿಂದ! ನಮ್ಮವರು ಕಡಲತಳದ ಒತ್ತಡ ಅಳೆಯುತ್ತಾರೆ. ಜಪಾನಿನವರು ಅದರ ಜೊತೆಗೆ, ಲಂಗರು ಹಾಕಿದ ತೇಲುಬುರುಡೆಯ ಮೇಲೆ ಜಿಪಿಎಸ್ ಕೂರಿಸಿದರು. ಫೋನಿನ ಜಿಪಿಎಸ್ ಎತ್ತರದ ಲೆಕ್ಕದಲ್ಲಿ ಹಲವು ಮೀಟರ್ ತಪ್ಪುತ್ತದೆ. ಅಲ್ಲಿ ದಡದಲ್ಲಿ ಕದಲದ ಇನ್ನೊಂದು ರಿಸೀವರ್ ಇಟ್ಟು, ಎರಡನ್ನೂ ಹೋಲಿಸಿ, ತಪ್ಪನ್ನು ಸೆಂಟಿಮೀಟರುಗಳಿಗೆ ಇಳಿಸುತ್ತಾರೆ.

2011ರ ಮಾರ್ಚ್ 11ರಂದು ಇವಾಟೆ ಪ್ರಾಂತ್ಯಕ್ಕೆ ಮೊದಲು ಹೇಳಿದ್ದು 3 ಮೀಟರ್ ಅಲೆ. ಕಮೈಶಿ ಊರಿನ ಎದುರು ಕಡಲಲ್ಲಿದ್ದ ಬುರುಡೆ 6.7 ಮೀಟರ್ ಮೇಲೆದ್ದಾಗ ಅಂದಾಜನ್ನು ಏರಿಸಿದರು. ಅಷ್ಟರಲ್ಲಿ ಕರೆಂಟು ಹೋಗಿತ್ತು. ಹಲವರ ಕಿವಿಗೆ ಬಿದ್ದದ್ದು ಆ ಮೊದಲ ಮೂರು ಮೀಟರ್ ಮಾತ್ರ.